ಖಂಡಪ್ಪನ ಅಕ್ಷರ ಇದ್ದ ಬೋರ್ಡು

ಖಂಡಪ್ಪನ ಅಕ್ಷರಗಳು ಖಂಡಪ್ಪನಿಗಿಂತ ಹೆಚ್ಚು ಊರು ನೋಡಿದ್ದವು. ಟ್ರ್ಯಾಕ್ಟರಿನ ಮೂತಿಯ ಮೇಲೆ ಕೂತು ಸಗರದ ಹತ್ತಿ ಹೊಲಗಳಿಗೆ ಹೋಗುತ್ತಿದ್ದವು. ಟಿಪ್ಪರಿನ ಹಣೆಗೆ ಅಂಟಿಕೊಂಡು ರಾಯಚೂರಿನ ತನಕ ಹೋಗಿ ಮೈತುಂಬ ಧೂಳು ಮೆತ್ತಿಸಿಕೊಂಡು ಬರುತ್ತಿದ್ದವು. ಟಂಟಂ ಆಟೋಗಳ ಹಿಂದಿನ ಗಾಜಿನಲ್ಲಿ ಕೂತು, ಹಿಂದೆ ಬರುವವರನ್ನೆಲ್ಲ ದಿಟ್ಟಿಸಿ ನೋಡುತ್ತಿದ್ದವು. ಖಂಡಪ್ಪ ಮಾತ್ರ ಸುರಪುರದ ರಂಗಂಪೇಟೆಯಲ್ಲಿ ತನ್ನ ರೇಡಿಯಂ ಅಂಗಡಿಯ ಬಾಗಿಲಿಗೆ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಅವನ ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಬೇರೆ ಯಾರದೋ ಕೈಯನ್ನು ಸಂತೆಯಲ್ಲಿ ಕಾಯುತ್ತ ಕೂತವನ ಹಾಗೆ ಅವನು ಅದನ್ನು ಆಗಾಗ ನೋಡುತ್ತಿದ್ದ.

ರೇಡಿಯಂ ಅಂದರೆ ಬೆಳಕು ಬಿದ್ದರೆ ಹೊಳೆಯುವ ಅಂಟಿನ ಹಾಳೆ. ಕಂಪ್ಯೂಟರಿನಲ್ಲಿ ಹೆಸರು ಜೋಡಿಸಿ ಕೊಟ್ಟರೆ ಕಟಿಂಗ್ ಮಷಿನ್ನು ತನ್ನ ಪುಟ್ಟ ಅಲಗಿನಿಂದ ಹಾಳೆಯ ಮೇಲೆ ಅಕ್ಷರ ಕೊರೆಯುತ್ತದೆ. ಬೇಡದ್ದನ್ನು ಕಿತ್ತೊಗೆದು ಬೇಕಾದದ್ದನ್ನು ಅಂಟಿಸಿದರೆ ಗಾಡಿಗೊಂದು ಹೆಸರು ಬಂತು. ಇಂಥ ಅಂಗಡಿಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಆದರೆ ಉಳಿದವರ ಅಕ್ಷರ ಪೇಟೆಯಿಂದ ಕೊಂಡು ತಂದದ್ದು, ಖಂಡಪ್ಪನದು ಅವನ ಕೈಯಿಂದ ಬಂದದ್ದು. ಅವನು ಮೊದಲು ಬ್ರಷ್ಷಿನ ಪೇಂಟರ್. ಅವನು ಬರೆದ 'ಭೀ' ಎಂದರೆ ಮೇದು ತಣಿದ ಎತ್ತು ನೆರಳಿನಲ್ಲಿ ಕೂತ ಹಾಗೆ. ಅವನ 'ಶ್ರೀ' ಎಂದರೆ ಹೊಸ ಸೊಸೆ ಬಾಗಿಲಲ್ಲಿ ನಿಂತು ಸೆರಗು ಸರಿ ಮಾಡಿಕೊಂಡ ಹಾಗೆ. ಓದು ಬಾರದ ಡ್ರೈವರುಗಳೂ ದೂರದಿಂದಲೇ "ಅದು ಖಂಡಪ್ಪಂದು" ಅನ್ನುತ್ತಿದ್ದರು.

ರೇಡಿಯಂ ಬಂದು ಬ್ರಷ್ಷು ಒಣಗಿದಾಗ ಖಂಡಪ್ಪ ತನ್ನ ಶಾಗಿರ್ದ ಗಯಾಸನನ್ನು ಕರೆದುಕೊಂಡು ಹೈದರಾಬಾದಿಗೆ ಹೋದ. ಗುರು ಒಂದು, ಶಿಷ್ಯ ಒಂದು, ಅವಳಿ ಜವಳಿಯಂಥ ಎರಡು ಕಂಪ್ಯೂಟರು ಕೊಂಡು ಒಂದೇ ಲಾರಿಯಲ್ಲಿ ಊರಿಗೆ ತಂದರು. ಆಮೇಲೆ ಖಂಡಪ್ಪ ವರ್ಷಗಟ್ಟಲೆ ಕೂತು ತನ್ನ ಅಕ್ಷರಗಳನ್ನೆಲ್ಲ ಒಂದೊಂದಾಗಿ ಮೌಸಿನಿಂದ ಎಳೆದು, ತಿದ್ದಿ, ಅಳಿಸಿ, ಮತ್ತೆ ಎಳೆದು ಕಂಪ್ಯೂಟರಿನೊಳಗೆ ಕೂಡಿಸಿದ. ಕೂಡಿಸಿದ ಮೇಲೆ ಬೀಗ ಹಾಕಿದ. ಆ ಸಾಫ್ಟ್‌ವೇರಿನಲ್ಲಿ ಅಂಥದೊಂದು ಬೀಗವಿತ್ತು: ಯಾವ ಕಂಪ್ಯೂಟರಿನ ಬೋರ್ಡಿನ ಮೇಲೆ ಹಾಕಿದರೋ ಆ ಬೋರ್ಡು ಒಂದೇ ಅದನ್ನು ತೆರೆಯಬಲ್ಲದು.

ಬೀಗ ಯಾಕೆಂದು ಗಯಾಸ ಕೇಳಿದ. ನಮ್ಮ ಕಡೆಯ ಉಸ್ತಾದರಿಗೆ ಒಂದು ಪದ್ಧತಿ ಉಂಟು. ಪೈಲ್ವಾನನಿರಲಿ, ಬಡಿಗನಿರಲಿ, ಶಿಷ್ಯನಿಗೆ ಎಲ್ಲ ಕಲಿಸಿ ಕಡೆಯದೊಂದನ್ನು ತಮ್ಮ ಹತ್ತಿರ ಇಟ್ಟುಕೊಳ್ಳುತ್ತಾರೆ. ಬೆಕ್ಕು ಹುಲಿಗೆ ಎಲ್ಲ ಕಲಿಸಿ ಮರ ಹತ್ತುವುದೊಂದನ್ನು ಬಿಟ್ಟಿತಲ್ಲ, ಹಾಗೆ. ಖಂಡಪ್ಪ ಆ ಬೆಕ್ಕಿನ ಕತೆಯನ್ನೇ ಹೇಳಿದ. ಗಯಾಸ ನಕ್ಕು, "ಹಂಗಾದ್ರ ನಾ ಹುಲಿ ಆದ್ನೆಲ್ಲ ಉಸ್ತಾದ್, ಅಷ್ಟ ಸಾಕು" ಎಂದವನು ತನ್ನ ಕಂಪ್ಯೂಟರನ್ನು ಹೊತ್ತುಕೊಂಡು ಶಹಾಪುರಕ್ಕೆ ಹೋಗಿ ಬೇರೆ ಅಂಗಡಿ ಹಾಕಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ರಮಜಾನಿಗೆ ಗಯಾಸನ ಮನೆಯಿಂದ ಡಬ್ಬಿಯಲ್ಲಿ ಸುರಕುಂಬಾ, ಹಾಲು ಶಾವಿಗೆಯ ಪಾಯಸ, ಬರುತ್ತಿತ್ತು. ಖಂಡಪ್ಪ ಮುಟ್ಟುತ್ತಿರಲಿಲ್ಲ. ಅವನ ಹೆಂಡತಿ ದೇವಕಮ್ಮ ಅಡುಗೆಮನೆಯಲ್ಲಿ ನಿಂತೇ ತಿಂದು, ಡಬ್ಬಿಗೆ ಸಕ್ಕರೆ ತುಂಬಿ ವಾಪಸು ಕಳಿಸುತ್ತಿದ್ದಳು.

ಕೈ ನಡುಗಲು ಹತ್ತಿದ ಮೇಲೆ ಅಂಗಡಿ ಮಗಳು ದಾನೇಶ್ವರಿಯ ಪಾಲಿಗೆ ಬಂತು. ಅವಳು ಮೌಸು ಹಿಡಿದರೆ ತೆರೆಯ ಮೇಲೆ ಅಪ್ಪನ ಕೈ ಬರೆಯುತ್ತಿತ್ತು, ಅದೂ ನಡುಗದ ಕೈ. ಅಪ್ಪ ಬಾಗಿಲಲ್ಲೇ ಕೂತಿದ್ದರೂ ಅವನ ಗಟ್ಟಿ ಇರುವ ಕೈ ಮಾತ್ರ ಆ ಹಳೇ ಕಂಪ್ಯೂಟರಿನ ಡಬ್ಬಿಯೊಳಗೆ ಇದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನೆಲ್ಲ ಆಡುವ ಹೆಂಗಸಲ್ಲ ಅವಳು. ಡಬ್ಬಿಯ ಮೇಲಿನ ಧೂಳು ಮಾತ್ರ ದಿನಾ ಒರೆಸುತ್ತಿದ್ದಳು.

ಒಂದು ದಿನ ಆ ಡಬ್ಬಿಯೊಳಗಿನ ಡಿಸ್ಕು ಕರಕರ ಎನ್ನತೊಡಗಿತು. ಜೋಳ ಬೀಸುವ ಕಲ್ಲಿಗೆ ಹರಳು ಸಿಕ್ಕ ಸದ್ದು. ಯಾದಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಬುದ್ಧಪ್ರಿಯನಿಗೆ ಅವಳು ಫೋನ್ ಹಚ್ಚಿ ಆ ಸದ್ದನ್ನೇ ಕೇಳಿಸಿದಳು.

"ಅಕ್ಕಾರ, ಡಿಸ್ಕ್ ಮುದುಕಾಗ್ಯದ. ಹೊಸಾದು ಹಾಕಬೇಕು," ಎಂದ ಅವನು.

"ಹಾಕೂಣಂತ."

"ಇರ್ರಿ, ಅಷ್ಟು ಹಗೂರಿಲ್ಲ. ಈಗಿನ ಡಿಸ್ಕ್ ಭಾಳ ದೊಡ್ಡವು, ನಿಮ್ಮ ಬೋರ್ಡಿಗಿ ಅವು ಗುರ್ತಾ ಹತ್ತಂಗಿಲ್ಲ. ಮೊದಲ ಅದರ ಬಯಾಸ್ ಹೊಸಾದು ಬರೀಬೇಕು."

ಬಯಾಸ್ ಎಂದರೆ ಏನೆಂದು ಅವಳಿಗೆ ತಿಳಿಸಲು ಅವನು ಸ್ವಲ್ಪ ಒದ್ದಾಡಿದ. ಅವಳು ತನ್ನಷ್ಟಕ್ಕೆ ತಾನು ತಿಳಿದುಕೊಂಡದ್ದು ಹೀಗೆ: ಬೋರ್ಡಿನ ಮೂಲೆಯಲ್ಲಿ ಹುಣಸೆಬೀಜದಷ್ಟು ಒಂದು ಕರಿ ಚಿಪ್ಪು ಇದೆ. ಕಂಪ್ಯೂಟರು ಪ್ರತಿ ಸಲ ಎಚ್ಚರಾದಾಗ ಹುಟ್ಟಿದ ಕೂಸಿನ ಹಾಗೆ ಏನೂ ಅರಿಯದೆ ಕಣ್ಣು ಬಿಡುತ್ತದೆ. ಆಗ ಈ ಚಿಪ್ಪು ಅದರ ಕಿವಿಯಲ್ಲಿ, ನೀನು ಇಂಥವನು, ಇದು ನಿನ್ನ ಕೈ, ಇದು ಕಾಲು, ಇಲ್ಲಿ ನಿನ್ನ ನೆನಪಿನ ಪೆಟ್ಟಿಗೆ, ಏಳು ಎಂದು ಹೇಳುತ್ತದೆ. ಆ ಹೇಳುವ ಮಾತನ್ನು ಅಳಿಸಿ ಹೊಸದಾಗಿ ಬರೆಯಬೇಕು. ಬರೆಯುವಾಗ ನಡುವೆ ಕರೆಂಟು ಹೋಗಬಾರದು. ಹೋದರೆ ಹಳೆಯ ಮಾತೂ ಇಲ್ಲ, ಹೊಸದೂ ಇಲ್ಲ.

ಕರೆಂಟಿನ ಬಗ್ಗೆ ದಾನೇಶ್ವರಿ ಎಷ್ಟು ಜಾಗ್ರತೆ ಮಾಡಬಹುದೋ ಅಷ್ಟು ಮಾಡಿದಳು. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದಳು. ಲೈನ್‌ಮನ್ ಮರಿಲಿಂಗನನ್ನು ಕೇಳಿ ಯಾವತ್ತು ಲೈನ್ ತೆಗೆಯುವುದಿಲ್ಲ ಎಂದು ತಿಳಿದುಕೊಂಡಳು. ಗಿರಾಕಿಗಳ ಕಾಟ ಇರಬಾರದೆಂದು ಅಮಾವಾಸ್ಯೆಯ ದಿನವನ್ನೇ ಗೊತ್ತು ಮಾಡಿದಳು. ಅಮಾವಾಸ್ಯೆಗೆ ಯಾರೂ ಗಾಡಿಗೆ ಹೊಸ ಹೆಸರು ಹಾಕಿಸುವುದಿಲ್ಲ.

ಅಲ್ಲೇ ಎಡವಿದ್ದು.

ಬುದ್ಧಪ್ರಿಯ ಕಳಿಸಿಕೊಟ್ಟಿದ್ದ ಫ್ಲಾಪಿ ಹಾಕಿ, ಅವನು ಫೋನಿನಲ್ಲಿ ಹೇಳಿದ ಹಾಗೆ ಒತ್ತಿದಳು. ಕರಿ ತೆರೆಯ ಮೇಲೆ ಬಿಳಿ ಪಟ್ಟಿಯೊಂದು ಇರುವೆಯ ಸಾಲಿನ ಹಾಗೆ ಹೊರಟಿತು. ಅದರ ಕೆಳಗೆ, ಬಂದ್ ಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ತಗಡಿನ ಮಾಡಿನ ಕೆಳಗೆ ಸಿಗ್ನಲ್ ಸಿಗದೆ ಅವನ ಮಾತು ಕಡಿದು ಕಡಿದು ಬರುತ್ತಿತ್ತು. ಅವಳು ಹೊರಗೆ ಬೇವಿನ ಮರದ ಕೆಳಗೆ ಹೋಗಿ ನಿಂತಳು.

ಅಂಗಡಿಯ ಹಿಂದೆಯೇ ಮನೆ. ಅತ್ತ ದೇವಕಮ್ಮ ಆರತಿ ತಟ್ಟೆ, ಕಾಯಿ, ನಿಂಬೆಹಣ್ಣು ಹಿಡಿದು ಹಿಂದಿನ ಬಾಗಿಲಿನಿಂದ ಒಳಗೆ ಬಂದಳು. ಪ್ರತಿ ಅಮಾವಾಸ್ಯೆಗೂ ಅಂಗಡಿಯ ಮಷಿನ್ನುಗಳಿಗೆ ಪೂಜೆ ತಪ್ಪಿಸಿದವಳಲ್ಲ ಅವಳು.

ದಾನೇಶ್ವರಿ ತಿರುಗಿ ಬಂದಾಗ ಅಂಗಡಿಯ ತುಂಬ ಊದಿನಕಡ್ಡಿಯ ಹೊಗೆ. ಕಂಪ್ಯೂಟರಿನ ಹಣೆಗೆ ವಿಭೂತಿ, ಕುಂಕುಮ, ತಲೆಯ ಮೇಲೊಂದು ದಾಸವಾಳ. ತೆರೆ ಕತ್ತಲು.

"ಯವ್ವಾ, ಮಷಿನ್ ಬಂದ್ ಮಾಡಿದೇನ?"

"ಮಾಡ್ದೆ. ಯಾಕ?"

"ಯಾಕ ಮಾಡ್ದಿ?"

"ಏನ್ ಹುಡುಗಿ ಇದು! ನೊಗಾ ಇಳಸದ ಎತ್ತಿಗಿ ಯಾರರ ಆರತಿ ಮಾಡ್ತಾರೇನ? ದುಡ್ಯೂ ಮಷಿನ್ನಿಗಿ ಪೂಜಾ ಮಾಡಿದ್ರ ದೇವರು ಒಪ್ಪತಾನೇನ? ಮೊದಲ ಕೆಂಪ ಬಟನ್, ಆಮ್ಯಾಲ ಗ್ವಾಡಿ ಬಟನ್ ಅಂತ ನೀನ ಕಲಿಸಿದ್ದೆಲ್ಲ. ಹಂಗ ಮಾಡೇನಿ, ಒಂದೂ ತಪ್ಪಿಲ್ಲ."

ತಪ್ಪಿರಲಿಲ್ಲ. ದೇವಕಮ್ಮ ಯುಪಿಎಸ್‌ನ ಕೆಂಪು ಬಟನ್ನನ್ನೂ ಗೋಡೆಯ ಬಟನ್ನನ್ನೂ ಸರಿಯಾದ ಕ್ರಮದಲ್ಲೇ ಒತ್ತಿದ್ದಳು. ದಾನೇಶ್ವರಿಯ ಕೈಯಲ್ಲಿ ಫೋನು ಇನ್ನೂ ಮಾತಾಡುತ್ತಿತ್ತು.

"ಅಕ್ಕಾರ, ಮುಗೀತೇನ್ರಿ?"

"ನಮ್ಮವ್ವ ಪೂಜಾ ಮಾಡ್ಯಾಳ. ಅರ್ಧಕ್ಕ ಬಂದ್ ಆಗ್ಯದ."

"ಪೂಜಾ ಆದ್ರೂ ಪೂರಾ ಆಗ್ಯದಿಲ್ಲರಿ?"

"ಆಗ್ಯದ."

"ಛಲೋ ಆತು. ಅದಾದ್ರೂ ಒಂದು ಪೂರಾ ಆತು ನೋಡ್ರಿ."

ಮತ್ತೆ ಬಟನ್ ಒತ್ತಿದಾಗ ಫ್ಯಾನು ತಿರುಗಿತು. ತೆರೆ ಬೆಳಗಲಿಲ್ಲ, ಯಾವಾಗಲೂ ಎದ್ದ ಕೂಡಲೇ ಕೂಗುವ ಕುಂಯ್ ಎಂಬ ಸದ್ದೂ ಬರಲಿಲ್ಲ. ಉಸಿರಿದೆ, ಅರಿವಿಲ್ಲ. ಅವ್ವನಿಗೆ ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ದೇವಕಮ್ಮ ಮುಂದಿನ ಅಮಾವಾಸ್ಯೆಗೆ ಇನ್ನೊಂದು ಕಾಯಿ ಹೆಚ್ಚು ಒಡೆಯುತ್ತಿದ್ದಳು, ಅಷ್ಟೇ.

ಮರುದಿನ ಡಬ್ಬಿಯನ್ನು ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಯಾದಗಿರಿಯ ಬಸ್ಸು ಹತ್ತಿದಳು. ಶಹಾಪುರ ದಾಟುವಾಗ ಕಿಟಕಿಯಲ್ಲಿ ಗುಡ್ಡ ಕಂಡಿತು. ಬುದ್ಧ ಮಲಗಿದ ಹಾಗಿದೆ ಎಂದು ಎಲ್ಲರೂ ಅನ್ನುವ ಗುಡ್ಡ. ಇವಳಿಗೆ ಅವತ್ತು, ಅದಕ್ಕೂ ಯಾರೋ ಕಿವಿಯಲ್ಲಿ ಹೇಳಬೇಕಾದದ್ದನ್ನು ಹೇಳದೆ ಹೋಗಿರಬೇಕು, ಇಲ್ಲದಿದ್ದರೆ ಇಷ್ಟು ವರ್ಷ ಯಾಕೆ ಮಲಗಿರುತ್ತಿತ್ತು ಎನ್ನಿಸಿತು. ಪಕ್ಕದ ಮುದುಕಿ, "ಕೂಸು ಭಾಳ ಸುಮ್ಮಗ ಅದಲ್ಲವಾ," ಎಂದು ಸೀರೆಯ ಅಂಚು ಸರಿಸಿ ನೋಡಿ ಹೌಹಾರಿ ಕೂತಳು.

ಬುದ್ಧಪ್ರಿಯ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದ. ಇಂಥ ಆಪತ್ತಿಗೆಂದೇ ಕೆಲವು ಬೋರ್ಡುಗಳು ಫ್ಲಾಪಿಯನ್ನು ತಾವೇ ಓದಿ ಚೇತರಿಸಿಕೊಳ್ಳುತ್ತವೆ. ಫ್ಲಾಪಿ ಹಾಕಿ ಕಾದ. ಅದರ ದೀಪ ಹತ್ತಲಿಲ್ಲ. ಚಿಪ್ಪಿಗೆ ಬರೆಯುವ ಯಂತ್ರ ಅವನಲ್ಲಿತ್ತು. ಆದರೆ ಅದು ಹೊಸ ಕಾಲದ, ಎಂಟೇ ಕಾಲಿನ ಚಿಪ್ಪುಗಳಿಗೆ. ಈ ಹಳೇದಕ್ಕೆ ಜರಿಹುಳದಂತೆ ನಾಲ್ಕೂ ಕಡೆ ಕಾಲು. ಹೈದರಾಬಾದಿನ ರಿಪೇರಿ ಅಂಗಡಿಯವರಿಗೆ ಫೋನ್ ಮಾಡಿ ಕೇಳಿದರೆ ಅವರು, "ಮ್ಯೂಜಿಯಂಗೆ ಕೊಡ್ರಿ" ಎಂದು ನಕ್ಕರಂತೆ.

"ಇನ್ನ ಒಂದ ದಾರಿ ಅದ," ಎಂದ ಅವನು. "ಇದರಂಥದ್ದ ಇನ್ನೊಂದು ಬೋರ್ಡ್ ಬೇಕು, ಜೀವಂತ ಇರೂದು. ಅದನ್ನ ಚಾಲೂ ಮಾಡೂದು. ಅದು ಎದ್ದು ಕುಂತ ಮ್ಯಾಲ, ಚಾಲೂ ಇದ್ದಾಗೇ ಅದರ ಚಿಪ್ ಕೀಳೂದು."

"ಚಾಲೂ ಇದ್ದಾಗ?"

"ಹೂಂ. ಎದ್ದ ಮ್ಯಾಲ ಸ್ವಲ್ಪ ಹೊತ್ತು ಅದಕ್ಕ ಚಿಪ್ ಬೇಕಾಗೂದಿಲ್ಲ, ಮಾತು ನೆನಪಿನ್ಯಾಗ ಇರ್ತದ. ಆ ಖಾಲಿ ಜಾಗಕ್ಕ ನಿಮ್ಮ ಸತ್ತ ಚಿಪ್ ಇಟ್ಟು, ಅದರ ಕೈಲೇ ಬರಸೂದು. ಕೈ ಒಂದೀಟು ಜಾರಿ ಅಲ್ಲಿಲ್ಲಿ ತಾಗಿತಂದ್ರ ಎರಡೂ ಬೋರ್ಡ್ ಹೋದ್ವು. ಅದಕ್ಕ ಯಾರೂ ತಮ್ಮ ಬೋರ್ಡ್ ಕೊಡೂದಿಲ್ಲ."

ಇದರಂಥದ್ದೇ ಇನ್ನೊಂದು ಬೋರ್ಡು ಎಲ್ಲಿದೆ ಎಂದು ದಾನೇಶ್ವರಿಗೆ ಗೊತ್ತಿತ್ತು. ಒಂದೇ ಲಾರಿಯಲ್ಲಿ ಬಂದ ಅವಳಿಯಲ್ಲಿ ಇನ್ನೊಂದು.

ನಾಲ್ಕೈದು ದಿನ ಬಿಟ್ಟು ಒಂದು ಸಂಜೆ ಅವಳು ಅಪ್ಪನ ಪಕ್ಕ ಕೂತು ಕಡಲೆಬೀಜ ಸುಲಿಯುತ್ತ ಮಾತು ತೆಗೆದಳು. ಕಂಪ್ಯೂಟರು ಬಂದಾಗಿ ಗಿರಾಕಿಗಳು ತಿರುಗಿ ಹೋಗುವುದನ್ನು ಖಂಡಪ್ಪ ಕುರ್ಚಿಯಿಂದ ನೋಡಿಯೇ ಇದ್ದ. ಎರವಲು ತಂದ ಕಂಪ್ಯೂಟರಿನಿಂದ ಪೇಟೆಯ ಅಕ್ಷರದಲ್ಲಿ ಕೊರೆದು ಕೊಡುತ್ತೇನೆಂದರೆ ಅವರು, "ಅದಕ್ಕ ನಿಮ್ಮ ಹಂತೇಕ ಯಾಕ ಬರಬೇಕವಾ" ಅನ್ನುತ್ತಿದ್ದರು. ಟ್ರ್ಯಾಕ್ಟರಿನ ಮೇಲಿನ ಹಳೇ ಅಕ್ಷರಗಳ ಫೋಟೋ ತೆಗೆದು ಅದರ ಮೇಲೆ ಗೆರೆ ಎಳೆದೂ ನೋಡಿದ್ದಳು. ಆಧಾರ್ ಕಾರ್ಡಿನ ಫೋಟೋ ಬಂದ ಹಾಗೆ ಬಂತು: ಮುಖ ಅವರದೇ, ಅವರಲ್ಲ.

"ಅಪ್ಪಾ, ಗಯಾಸ ಕಾಕಾನ ಮಷಿನ್ ಇದ್ರ ನಮ್ಮದು ಏಳತದಂತ."

ಖಂಡಪ್ಪ ರಸ್ತೆಯನ್ನು ನೋಡುತ್ತಿದ್ದ. "ಅಂವ ಸುಮ್ಮ ಕೊಡ್ತಾನೇನ? ಅಕ್ಷರ ಕೇಳ್ತಾನ."

"ಕೇಳಿದ್ರ?"

"ಕೇಳಿದ್ರೇನು? ಸತ್ತರ ಸಾಯ್ಲಿ ಮಷಿನ್. ನನ್ನ ಅಕ್ಷರ ಆ ಮಗನ ಅಂಗಡ್ಯಾಗ ಕೂಡಬಾರದು." ನಡುಗುವ ಕೈಯನ್ನು ಎಡಗೈಯಿಂದ ಒತ್ತಿ ಹಿಡಿದ. "ನಾ ಇರೂ ತನಕ ಬ್ಯಾಡ. ಹೋದ ಮ್ಯಾಲೂ ಬ್ಯಾಡ."

ದೇವಕಮ್ಮ ಒಳಗಿನಿಂದ, "ಅವರ ಸುರಕುಂಬಾ ಭಾಳ ಛಲೋ ಇರ್ತದ," ಎಂದಳು.

ರಾಕ್ಷಸನ ಜೀವ ಏಳು ಸಮುದ್ರದಾಚೆ ಪಂಜರದ ಗಿಳಿಯೊಳಗೆ ಇತ್ತೆಂಬ ಕತೆ ದಾನೇಶ್ವರಿಗೆ ಅವಳ ಅಜ್ಜಿ ಹೇಳಿದ್ದಳು. ಗಿಳಿಯ ಕತ್ತು ತಿರುವಿದ ಕೂಡಲೇ ರಾಕ್ಷಸ ಸತ್ತ. ಉಳಿದ ಮಕ್ಕಳೆಲ್ಲ ಚಪ್ಪಾಳೆ ಹೊಡೆದರೆ ಇವಳಿಗೆ ರಾಕ್ಷಸನ ಮೇಲೇ ಮರುಕ. ಅಷ್ಟು ದೊಡ್ಡ ರಾಕ್ಷಸ, ಎರಡು ಗಿಳಿ ಯಾಕೆ ಸಾಕಲಿಲ್ಲ ಎಂದು ಕೇಳಿ ಬೈಸಿಕೊಂಡಿದ್ದಳು. ಅಪ್ಪನ ಮಾತು ಮೀರಬೇಕೋ ಬೇಡವೋ ಎಂದು ಅವಳು ಬಹಳ ತೂಗಲಿಲ್ಲ. ಮೀರದಿದ್ದರೆ ಅಕ್ಷರ ಹೋಗುತ್ತವೆ. ಮೀರಿದರೆ ಅಪ್ಪನ ಮಾತು ಹೋಗುತ್ತದೆ. ಅಪ್ಪ ಮಾತು ಬಿಟ್ಟರೆ ಮುಂದೊಂದು ದಿನ ಮತ್ತೆ ಹಿಡಿದಾನು. ಅಕ್ಷರ ಮತ್ತೆ ಬರೆಯಲು ಆ ಕೈ ಇಲ್ಲ. ಲೆಕ್ಕ ಅಷ್ಟೇ.

ಗಯಾಸನ ಅಂಗಡಿ ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ. ಅವನೀಗ ಹೊಟ್ಟೆ ಬಂದ, ಗಡ್ಡಕ್ಕೆ ಮೆಹಂದಿ ಹಚ್ಚಿದ ದೊಡ್ಡ ಮನುಷ್ಯ. ಅಂಗಡಿಯಲ್ಲಿ ಹೊಸ ಕಂಪ್ಯೂಟರುಗಳು ಇದ್ದರೂ ಹಳೇ ಕಟಿಂಗ್ ಮಷಿನ್ನಿಗೆ ಆ ಹಳೇ ಡಬ್ಬಿಯನ್ನೇ ಇಟ್ಟುಕೊಂಡಿದ್ದ. ಅವಳನ್ನು ಕಂಡವನೇ ಸ್ಟೂಲ್ ಒರೆಸಿ ಮುಂದಿಟ್ಟ.

"ಅರೆ ದಾನಮ್ಮ! ಉಸ್ತಾದ್ ಹ್ಯಾಂಗ ಅದಾರ? ನನಗ ಬೈಯಾಕ ತಾಕತ್ ಅದೇನ ಇನ್ನ?"

"ಅದೊಂದು ಭರಪೂರ ಅದ ಕಾಕಾ."

ಅವಳು ಎಲ್ಲ ಹೇಳಿದಳು. ಎರಡೂ ಬೋರ್ಡು ಹೋಗಬಹುದೆಂಬುದನ್ನು ಮುಚ್ಚಲಿಲ್ಲ. ಗಯಾಸ ಚಾ ತರಿಸಿದ, ಕುಡಿದ, ಗಡ್ಡ ನೀವಿಕೊಂಡ. ದೇವಕಮ್ಮನ ಪೂಜೆಯ ಭಾಗ ಬಂದಾಗ ಮಾತ್ರ ಚಾ ನೆತ್ತಿಗೇರಿ ಕೆಮ್ಮಿದ.

"ನೊಗಾ ಇಳಸದ ಆರತಿ ಮಾಡ್ತಾರೇನ ಅಂದ್ರಾ? ಅವ್ವನ ಮಾತು ಖರೇನ ಅದ ಬಿಡು." ಆಮೇಲೆ ಲೋಟ ಕೆಳಗಿಟ್ಟ. "ನೋಡವಾ, ಮಷಿನ್ ಒಯ್ದು ಯಾದಗಿರಿಗೆ ಕೊಡೂದಿಲ್ಲ. ಇಲ್ಲೇ, ನನ್ನ ಕಣ್ಣಮುಂದ ಮಾಡ್ರಿ. ಎದ್ದಿತಂದ್ರ ಬೀಗ ತಗದು ಆ ಅಕ್ಷರ ನನಗೂ ಒಂದು ಕಾಪಿ ಕೊಡು. ಏಳಲಿಲ್ಲಂದ್ರ ನಿಂದೂ ಹೋತು ನಂದೂ ಹೋತು, ಇಬ್ಬರೂ ಕೂಡಿ ಅಳೂಣು."

"ಅಪ್ಪ ಬ್ಯಾಡ ಅಂದಾನ."

"ಅದು ನನಗ ಗೊತ್ತಿಲ್ಲೇನ? ನಾ ನಿನಗ ಕೇಳಾಕತ್ತೇನಿ."

ಅವಳು ಹೊರಗೆ ನೋಡಿದಳು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ ಸುರಪುರ, ಸುರಪುರ ಎಂದು ಕೂಗುತ್ತಿದ್ದ.

"ಕೊಡ್ತೇನಿ," ಎಂದಳು.

ಬುದ್ಧಪ್ರಿಯನ ಮನೆ ಶಹಾಪುರದ ಹತ್ತಿರದ ಭೀಮರಾಯನಗುಡಿಯಲ್ಲೇ. ಭಾನುವಾರ ಊರಿಗೆ ಬಂದವನು ಚೀಲದಲ್ಲಿ ಚಿಮಟ, ಸೂಜಿ, ಭೂತಗನ್ನಡಿ ತುಂಬಿಕೊಂಡು ಹೊತ್ತೇರುವ ಮೊದಲೇ ಗಯಾಸನ ಅಂಗಡಿಗೆ ಬಂದ. ಮೊದಲು ಕರೆಂಟು ತೆಗೆದು ಗಯಾಸನ ಬೋರ್ಡಿನ ಚಿಪ್ಪನ್ನು ಒಮ್ಮೆ ಎಬ್ಬಿಸಿ, ಅದರ ಕೆಳಗೆ ನೈಲಾನ್ ದಾರ ಹಾಯಿಸಿ, ಸಡಿಲಾಗಿ ಮತ್ತೆ ಕೂಡಿಸಿದ. ಸಮಯ ಬಂದಾಗ ದಾರ ಎಳೆದರೆ ಚಿಪ್ಪು ನೆಟ್ಟಗೆ ಮೇಲೆ ಬರಬೇಕು, ವಾಲಬಾರದು. ವಾಲಿದರೆ ಕಾಲುಗಳು ಒಂದಕ್ಕೊಂದು ತಾಗುತ್ತವೆ.

ಗಯಾಸ ಅರ್ಧ ಶಟರ್ ಇಳಿಸಿ, ಕೆಳಗಿನ ಸಂದಿಗೆ ಸ್ಟೂಲ್ ಹಾಕಿಕೊಂಡು ಕಾವಲಿಗೆ ಕೂತ. ಬುರ್ಖಾ ಹಾಕಿದ ಹೆಂಗಸೊಬ್ಬಳು ಬಾಗಿ ಒಳಗೆ ನೋಡಿದಳು. ಅವನ ಹೆಂಡತಿ, ಕೈಯಲ್ಲಿ ನಾಷ್ಟಾದ ಡಬ್ಬಿ.

"ಒಳಗ ಬರಬ್ಯಾಡ," ಎಂದ ಗಯಾಸ. "ಏನೂ ಮುಟ್ಟಬ್ಯಾಡ. ಗ್ವಾಡಿ ಸನೇಕೂ ಹೋಗಬ್ಯಾಡ. ದುವಾ ಮಾಡೂದಿದ್ರ ಮನ್ಯಾಗ ಕುಂತು ಮಾಡು."

ಗಯಾಸನ ಕಂಪ್ಯೂಟರು ಚಾಲೂ ಆಯಿತು. ಕುಂಯ್ ಎಂದಿತು. ಆ ಸದ್ದು ಕೇಳಿ ದಾನೇಶ್ವರಿಯ ಎದೆ ಸ್ವಲ್ಪ ಎದ್ದು ಕೂತಿತು. ಬುದ್ಧಪ್ರಿಯ ಎರಡೂ ಕೈಗಳಿಂದ ಬೋರ್ಡನ್ನು ಅಲುಗಾಡದಂತೆ ಒತ್ತಿ ಹಿಡಿದ.

"ಅಕ್ಕಾರ, ದಾರ ನೀವ ಎಳೀಬೇಕು. ನೆಟ್ಟಗ. ರೇಡಿಯಂ ಹಾಳಿ ಎಬ್ಬಸ್ತೀರೆಲ್ಲ, ಹಂಗ ಸಾವಕಾಶ. ನಡುವ ನಿಂದ್ರಬ್ಯಾಡ್ರಿ."

ದಾನೇಶ್ವರಿ ದಾರದ ಎರಡು ತುದಿಗಳನ್ನು ಬೆರಳಿಗೆ ಸುತ್ತಿಕೊಂಡಳು. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಿಪ್ಪು, ಹಾಲುಹಲ್ಲು ಕಿತ್ತು ಬಂದ ಹಾಗೆ ಬಂತು. ತೆರೆಯ ಮೇಲಿನ ಬಿಳಿ ಗೆರೆ ಮಿಟುಕುತ್ತಲೇ ಇತ್ತು. ಒಳಗಿನ ಬೀಜ ತೆಗೆದದ್ದೂ ಆ ಕಂಪ್ಯೂಟರಿಗೆ ತಿಳಿದಿರಲಿಲ್ಲ. ಬುದ್ಧಪ್ರಿಯ ಚಿಮಟದಿಂದ ಸತ್ತ ಚಿಪ್ಪನ್ನು ಹಿಡಿದು, ಮೂಲೆಯ ಚುಕ್ಕೆಗೆ ಚುಕ್ಕೆ ಹೊಂದಿಸಿ, ಹೆಬ್ಬೆರಳಿನಿಂದ ಒತ್ತಿದ. ಕಟ್ ಎಂದಿತು. ಮೂವರೂ ತೆರೆಯನ್ನು ನೋಡಿದರು.

ಗೆರೆ ಮಿಟುಕುತ್ತಿತ್ತು.

"ಯಾ ಅಲ್ಲಾ," ಎಂದ ಗಯಾಸ, ಬಹಳ ಸಣ್ಣ ದನಿಯಲ್ಲಿ.

ಬುದ್ಧಪ್ರಿಯ ಕೀಲಿ ಒತ್ತಿದ. ಬಿಳಿ ಪಟ್ಟಿ ಹೊರಟಿತು. ಅರ್ಧಕ್ಕೆ ಬಂತು, ದಾಟಿತು. ಆಗಲೇ ಹೊರಗಿನಿಂದ ಯಾರೋ ಶಟರನ್ನು ದಡದಡ ಬಡಿದು, "ಭಾಯ್, ನಂಬರ್ ಪ್ಲೇಟ್ ಮಾಡ್ತಿಯೇನ?" ಎಂದರು. ಗಯಾಸ ಸಂದಿಯಲ್ಲಿ ಕಾಲು ಚಾಚಿ ಬಡಿಯುವವನ ಚಪ್ಪಲಿಯನ್ನು ತುಳಿದು ಹಿಡಿದ. "ಪೊಲೀಸರು ಹಿಡಿದ್ರ ನನ್ನ ಹೆಸರು ಹೇಳು. ಈಗ ಹೋಗು." ಚಪ್ಪಲಿ ಬಿಡಿಸಿಕೊಂಡು ಹೋಯಿತು. ಪಟ್ಟಿ ಕಡೆಯ ಅಂಚಿಗೆ ಹೋಗಿ ನಿಂತು, ಬರೆದದ್ದು ಸರಿಯಿದೆ ಎಂದು ತೋರಿಸಿತು.

ಕರೆಂಟು ತೆಗೆದು, ಅವರವರ ಚಿಪ್ಪನ್ನು ಅವರವರ ಬೋರ್ಡಿಗೆ ಕೂಡಿಸಿದರು. ಮೊದಲು ಗಯಾಸನದನ್ನು ಚಾಲೂ ಮಾಡೋಣ ಎಂದವಳು ದಾನೇಶ್ವರಿ. ಅದು ಎದ್ದಿತು. ಆಮೇಲೆ ತನ್ನದಕ್ಕೆ ಕೈ ಹಾಕಿದಳು. ಫ್ಯಾನು ತಿರುಗಿತು, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿತ್ತು, ಕುಂಯ್ ಎಂದಿತು. ಹಣೆಯ ಕುಂಕುಮ ಇನ್ನೂ ಅರ್ಧ ಹಾಗೇ ಇತ್ತು.

ಸಾಫ್ಟ್‌ವೇರ್ ತೆರೆದಳು. ಬೋರ್ಡನ್ನು ಅದು ಗುರುತಿಸಿತು. ಅಕ್ಷರಗಳು ಸಾಲಾಗಿ ಬಂದು ನಿಂತವು, ಎಲ್ಲೂ ಹೋಗಿರಲೇ ಇಲ್ಲವೆಂಬಂತೆ. ಬೀಗ ತೆಗೆಯುವ ಗುಟ್ಟಿನ ಮಾತು ಅವಳಿಗೆ ಗೊತ್ತಿತ್ತು. ಒತ್ತಬೇಕೆನ್ನುವಾಗ ಗಯಾಸ ತಡೆದ.

"ಇನ್ನೊಮ್ಮೆ ವಿಚಾರ ಮಾಡು. ನೀ ಬ್ಯಾಡ ಅಂದ್ರ ನಾ ಏನೂ ಅನ್ನಂಗಿಲ್ಲ. ಉಸ್ತಾದ್ ನಿನ್ನ ಮ್ಯಾಲ ಸಿಟ್ಟಾದ್ರ ಆ ಮನ್ಯಾಗ ಬಾಳೇವು ಮಾಡಾಕಿ ನೀನು."

"ಮಾತು ಕೊಟ್ಟೇನಿ ಕಾಕಾ. ನೀನೂ ಬೋರ್ಡ್ ಕೊಟ್ಟಿ."

ಅವಳು ಬೀಗ ತೆಗೆದು ಅವನ ಮಷಿನ್ನಿಗೆ ಕಾಪಿ ಹಾಕಿದಳು. ಗಯಾಸ ಒಂದೇ ಒಂದು 'ಭೀ' ತೆರೆದು ತೆರೆಯ ತುಂಬ ದೊಡ್ಡದು ಮಾಡಿದ. ಬಹಳ ಹೊತ್ತು ನೋಡಿದ.

"ಈ ಹೊಟ್ಟಿ ಅದಲಾ, ಇದನ್ನ ತಿದ್ದೂ ಮುಂದ ನಾ ಬಾಜೂಕ ಕುಂತಿದ್ದೆ. ಚಾ ತಂದು ಇಟ್ರ ಆರಿ ಹೋಗ್ತಿತ್ತು, ಮತ್ತ ತರತಿದ್ದೆ," ಎಂದ. ಆಮೇಲೆ ಶಟರ್ ಎತ್ತಲು ಎದ್ದ. ಬುದ್ಧಪ್ರಿಯ ಡಬ್ಬ ತೆಗೆದು ನಾಷ್ಟಾ ಶುರು ಮಾಡಿಯೇ ಬಿಟ್ಟಿದ್ದ.

ಬುದ್ಧಪ್ರಿಯ ಹೊಸ ಡಿಸ್ಕನ್ನೂ ಹಾಕಿಕೊಟ್ಟ ಡಬ್ಬಿಯನ್ನು ಮನೆಗೆ ತಂದು ಜಾಗದಲ್ಲಿಟ್ಟು ಚಾಲೂ ಮಾಡಿದಾಗ ಖಂಡಪ್ಪ ಕುರ್ಚಿಯಲ್ಲೇ ಕೂತು ಆ ಸದ್ದು ಕೇಳಿದ. ತಲೆ ತಿರುಗಿಸಲಿಲ್ಲ.

"ಎದ್ದಿತೇನು?"

"ಎದ್ದದ ಅಪ್ಪಾ."

"ಏನ್ ಕೊಟ್ಟಿ?"

ಅವಳು ಸುಳ್ಳು ಹುಡುಕಲಿಲ್ಲ. "ಅಂವ ಕೇಳಿದ್ದ ಕೊಟ್ಟೆ."

ಖಂಡಪ್ಪ ಎದ್ದು ಒಳಗೆ ಹೋದ. ಅಂದು ಅವನು ಉಂಡ. ಉಣ್ಣದೆ ಇರುವುದು ದೇವಕಮ್ಮನ ಮುಂದೆ ಆಗುವ ಮಾತಲ್ಲ. ಆದರೆ ಮಗಳ ಜೊತೆ ಮಾತು ನಿಲ್ಲಿಸಿದ. ಏನಾದರೂ ಬೇಕಾದರೆ ಹೆಂಡತಿಗೆ ಹೇಳುತ್ತಿದ್ದ, ಅವಳು ಪಕ್ಕದಲ್ಲೇ ನಿಂತ ಮಗಳಿಗೆ ಹೇಳುತ್ತಿದ್ದಳು. ದಾನೇಶ್ವರಿ ಇದನ್ನು ಮೊದಲೇ ಲೆಕ್ಕದಲ್ಲಿ ಹಿಡಿದಿದ್ದಳು. ಹಿಡಿದದ್ದಕ್ಕಿಂತ ಸ್ವಲ್ಪ ಭಾರವೇ ಇತ್ತು. ಗಿರಾಕಿಗಳು ತಿರುಗಿ ಬರತೊಡಗಿದರು. ಅವಳು ಕೊರೆದಳು, ಕಿತ್ತಳು, ಅಂಟಿಸಿದಳು.

ಹೀಗೆ ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಶಹಾಪುರದ ಕಡೆಯ ಟಂಟಂ ಒಂದು ಅಂಗಡಿಯ ಎದುರಿನ ಬೇವಿನ ನೆರಳಿಗೆ ಬಂದು ನಿಂತಿತು. ಡ್ರೈವರು ಇಳಿದು ನೀರು ಕುಡಿಯಲು ಹೋದ. ಟಂಟಂನ ಹಿಂದಿನ ಗಾಜಿನ ತುಂಬ ಹೊಸ ರೇಡಿಯಂ: 'ಸಗರದ ಸರದಾರ'. ಅಕ್ಷರ ಖಂಡಪ್ಪನವು. ಅಂಗಡಿ ಅವನದಲ್ಲ.

ದಾನೇಶ್ವರಿ ಒಳಗಿನಿಂದ ನೋಡಿದಳು. ಅಪ್ಪನೂ ನೋಡುತ್ತಿದ್ದ. ಅವನು ಕುರ್ಚಿಯಿಂದ ಎದ್ದ. ರಸ್ತೆ ದಾಟಿ, ಟಂಟಂನ ಹಿಂದೆ ಹೋಗಿ ನಿಂತ. ಹತ್ತಿರದಿಂದ ನೋಡಿದ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಅವನ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು. ಬೆನ್ನಿನಿಂದ ಸಿಟ್ಟೋ ಸಂಕಟವೋ ತಿಳಿಯುವುದಿಲ್ಲ. ಅವಳು ಕೈಯಲ್ಲಿದ್ದ ಹಾಳೆ ಕೆಳಗಿಟ್ಟು ಬಾಗಿಲಿಗೆ ಬಂದಳು.

"ಥೂ!" ಎಂದ ಖಂಡಪ್ಪ.

ಡ್ರೈವರು ಬಾಟಲಿ ಹಿಡಿದು ಓಡಿ ಬಂದ. "ಯಾಕ ಮುತ್ಯಾ, ಏನಾತು?"

"ಯಾಂವ ಹಾಕ್ಯಾನ ಇದನ್ನ?"

"ಶಹಾಪುರದ ಗಯಾಸ ಭಾಯ್. ಛಲೋ ಇಲ್ಲೇನ್ರಿ?"

"ಅಕ್ಷರ ಛಲೋ ಅದಾವ. ಅವು ನನ್ನವು." ಖಂಡಪ್ಪ ನಡುಗುವ ಬೆರಳನ್ನು ಗಾಜಿಗೆ ಒಯ್ದ. "ಕೂಡಿಸಿದ್ದು ನೋಡು, ಕೂಡಿಸಿದ್ದು! ಸಾಲಿ ಹುಡುಗರು ಪ್ರಾರ್ಥನಾಕ್ಕ ನಿಂತಂಗ ಎಲ್ಲಾ ಒಂದ ಅಳತಿಗೆ ನಿಲ್ಲಿಸ್ಯಾನ. ಈ 'ಗ' ಆದ ಮ್ಯಾಲ ಈ 'ರ'ಕ್ಕ ಇಷ್ಟು ಬಯಲ ಯಾಕ ಬೇಕು? ಈ ದೊಡ್ಡ ಹೊಟ್ಟೀದು ಬಂದಲ್ಲೆ ಸರದು ಕುಂದರಬೇಕು, ಸಣ್ಣದು ಬಂದಲ್ಲೆ ಒತ್ತಿ ಬರಬೇಕು. ಮಂದಿ ಕುಂತಂಗ ಕುಂದರಬೇಕು! ಇಪ್ಪತ್ತು ವರ್ಷ ರೇಡಿಯಂ ಹಚ್ಚಿ ಏನ್ ಕಲ್ತಾನ ಈ ಕತ್ತಿಮಗ?"

"ನನಗೇನ್ ಗೊತ್ರಿ ಮುತ್ಯಾ," ಎಂದ ಡ್ರೈವರು. "ನನಗ ಓದಾಕ ಬರಂಗಿಲ್ಲ."

ಖಂಡಪ್ಪ ಅಂಗಡಿಯ ಕಡೆ ತಿರುಗಿದ. ಬಾಗಿಲಲ್ಲಿ ನಿಂತ ಮಗಳನ್ನು ನೋಡಿದ. ದೇವಕಮ್ಮ ಅಲ್ಲಿರಲಿಲ್ಲ, ನೀರು ತುಂಬಲು ಹೋಗಿದ್ದಳು. ನಡುವೆ ಹೇಳಿಸಲು ಯಾರೂ ಇರಲಿಲ್ಲ.

"ನನ್ನ ಚಪ್ಪಲಿ ತಾ," ಎಂದ.

ಅವಳು ತಂದು ಕಾಲ ಮುಂದೆ ಇಟ್ಟಳು. "ಎಲ್ಲಿಗೆ ಅಪ್ಪಾ?"

"ಇಂಥದು ಹಾಕಿ ನನ್ನ ಹೆಸರು ಊರೂರು ತಿರಗಸ್ತಾನ. ಸುಮ್ಮ ಕುಂದರಲೇನ?" ಟಂಟಂನ ಹಿಂದಿನ ಸೀಟಿಗೆ ಕೈ ಊರಿ ಹತ್ತಿ ಕೂತ. "ಏ, ಶಹಾಪುರಕ್ಕ ಹೊಳ್ಳಿ ಹೊಂಟಿಲ್ಲ? ನಡಿ. ಆ ಗಯಾಸನ ಅಂಗಡೀ ಮುಂದ ಇಳಸು."

"ಸೀಟ್ ತುಂಬಲಿ ಮುತ್ಯಾ."

"ತುಂಬಿದಂಗ ತಿಳಿ."

ಟಂಟಂ ತಿರುಗಿ ಹೊರಟಿತು. ದಾನೇಶ್ವರಿ ಗಯಾಸನಿಗೆ ಫೋನ್ ಮಾಡೋಣವೆಂದು ಕೈಗೆತ್ತಿಕೊಂಡು, ಸ್ವಲ್ಪ ಯೋಚಿಸಿ, ಮಾಡದೆ ಕೆಳಗಿಟ್ಟಳು. ಅವನಿಗೂ ಒಂದಿಷ್ಟು ದಿಗಿಲಾಗಲಿ. ಒಳಗೆ ಕಟಿಂಗ್ ಮಷಿನ್ನು ಮುಂದಿನ ಕೆಲಸಕ್ಕೆ ಕಾಯುತ್ತಿತ್ತು. ಮುದನಾಳದವರ ಟ್ರ್ಯಾಕ್ಟರಿನ ಹೆಸರು. ಕೊರೆಯಲು ಬಿಡುವ ಮೊದಲು ಅವಳು ತೆರೆಯ ಮೇಲೆ ಎರಡು ಅಕ್ಷರಗಳ ನಡುವಿನ ಬಯಲನ್ನು ಇನ್ನೊಮ್ಮೆ ನೋಡಿದಳು. ಒಂದನ್ನು ಒಂದಿಷ್ಟು ಹತ್ತಿರ ಸರಿಸಿದಳು.